ಮರ ಕಾಣದ ಬೆಳಿಗ್ಗೆ ಬಾರಿಸಿದ ಗಂಟೆ

ಆ ಶಾಲೆಯಲ್ಲಿ ಗಂಟೆ ಬಾರಿಸುವ ಮೊದಲು ಮರ ನೋಡಬೇಕಾಗಿತ್ತು. ಗಡಿಯಾರವೂ ಇತ್ತು, ಕೀಲಿ ಕೊಟ್ಟರೆ ನಡೆಯುತ್ತಲೂ ಇತ್ತು. ಆದರೆ ದೀಪಾವಳಿ ಕಳೆದು ಶಿವರಾತ್ರಿ ಬರುವ ತನಕ ಬೆಳಗಿನ ಹೊತ್ತು ಅದನ್ನು ಯಾರೂ ಕೇಳುತ್ತಿರಲಿಲ್ಲ.

ಗುಂಡ್ಲುಪೇಟೆಯಿಂದ ಮದ್ದೂರು ಕಾಡಿನ ಕಡೆ ಹೋಗುವ ಬಸ್ಸಿನಲ್ಲಿ ಕೂತು, ನಡುವೆ ಇಳಿದು, ಒಳಕ್ಕೆ ನಡೆದರೆ ಸಿಗುವ ಊರು ಅದು. ಹೆಸರು ಹೇಳುವುದಿಲ್ಲ. ಐವತ್ತರ ದಶಕ. ನಾನು ಚಾಮರಾಜನಗರದಲ್ಲಿ ಹೈಸ್ಕೂಲು ಮುಗಿಸಿ, ಮೇಷ್ಟ್ರ ಕೆಲಸಕ್ಕೆ ಸೇರಿ ಇನ್ನೂ ಖಾಯಂ ಆಗದೆ ಇದ್ದವನು. ಶಾಲೆಯಲ್ಲಿ ಇಬ್ಬರೇ ಮೇಷ್ಟ್ರುಗಳು, ಹೆಡ್ ಮೇಷ್ಟ್ರು ಮತ್ತು ನಾನು.

ಶಾಲೆ ದಿಬ್ಬದ ಮೇಲಿತ್ತು. ಜಗಲಿಯಲ್ಲಿ ನಿಂತರೆ ಎದುರಿಗೆ ಕೆರೆ, ಅದರ ಉದ್ದಕ್ಕೂ ಏರಿ, ಏರಿಯ ಆಚೆ ತುದಿಯಲ್ಲಿ ಒಂದು ದೊಡ್ಡ ಗೋಣಿಮರ. ಮರದಿಂದ ಕೆಳಗಿಳಿದರೆ ತಗ್ಗಿನಲ್ಲಿ ಒಂದು ಹುಂಡಿ, ಹದಿನೈದಿಪ್ಪತ್ತು ಮನೆಗಳದ್ದು. ನಮ್ಮ ಮಕ್ಕಳಲ್ಲಿ ಅರ್ಧದಷ್ಟು ಆ ಹುಂಡಿಯವರು. ಏರಿಯ ಮೇಲೆ ನಡೆದೇ ಬರಬೇಕು. ಏರಿಯ ಒಂದು ಮಗ್ಗುಲಿಗೆ ನೀರು, ಇನ್ನೊಂದು ಮಗ್ಗುಲಿಗೆ ಕುರುಚಲು. ಆ ಕುರುಚಲು ಹಾಗೆಯೇ ಹೋಗಿ ದೊಡ್ಡ ಕಾಡು ಸೇರುತ್ತಿತ್ತು.

ಮಾಗಿಯಲ್ಲಿ ರಾಗಿ ಕೊಯ್ದು ಮೆದೆ ಹಾಕಿರುತ್ತಾರೆ. ಅವರೆ ಕಾಯಿ ತುಂಬಿರುತ್ತದೆ. ಆನೆಗಳು ರಾತ್ರಿ ಬಂದು ಮೇಯ್ದು, ಬೆಳಕು ಹರಿಯುವ ಹೊತ್ತಿಗೆ ಏರಿ ದಾಟಿ ಕಾಡಿಗೆ ಹೋಗುತ್ತಿದ್ದವು. ಮಂಜು ಬಿದ್ದರೆ ಅವಕ್ಕೆ ಬೆಳಗಾದದ್ದು ತಿಳಿಯದು. ಅಲ್ಲೇ ಉಳಿದುಬಿಡುತ್ತಿದ್ದವು. ಬೂದು ಮಂಜಿನಲ್ಲಿ ಬೂದು ಪ್ರಾಣಿ, ಮಾರು ದೂರದಲ್ಲಿ ನಿಂತಿದ್ದರೂ ಕಣ್ಣಿಗೆ ಬೀಳುತ್ತಿರಲಿಲ್ಲ.

ಶಾಲೆ ಶುರುವಾಗಬೇಕಾದದ್ದು ಏಳೂವರೆಗೆ. ಸ್ಥಳೀಯ ರಜೆ ಎಂದು ಕೆಲವು ದಿನ ಹೆಡ್ ಮೇಷ್ಟ್ರ ಕೈಯಲ್ಲಿರುತ್ತಿದ್ದವು. ಅವು ಹಬ್ಬಗಳಿಗೇ ಸಾಲುತ್ತಿರಲಿಲ್ಲ. ಮಂಜು ಎಂದು ರಜೆ ಕೊಡಲು ಹೊರಟರೆ ಪುಷ್ಯ ಮಾಸವೆಲ್ಲ ಬಾಗಿಲು ಹಾಕಬೇಕಾಗುತ್ತಿತ್ತು. ಅದಕ್ಕೆ ನಮ್ಮ ಹೆಡ್ ಮೇಷ್ಟ್ರು ಒಂದು ಪದ್ಧತಿ ಮಾಡಿದ್ದರು. ಬೆಳಿಗ್ಗೆ ಜಗಲಿಯ ನಡುಗಂಬಕ್ಕೆ ಬೆನ್ನು ಕೊಟ್ಟು ನಿಲ್ಲುವುದು. ಮೊದಲು ಕೆರೆಯ ಈಚೆ ದಡದ ಅಗಸರ ಕಲ್ಲು ಕಾಣಬೇಕು. ಆಮೇಲೆ ಏರಿಯ ನಡುವೆ ಇರುವ ತೂಬಿನ ಕಲ್ಲುಕಂಬ. ಕಡೆಗೆ ಗೋಣಿಮರ. ಮರದ ಬುಡ, ರೆಂಬೆ ಬೇರೆಬೇರೆಯಾಗಿ ಕಂಡರೆ ಮಾತ್ರ ಮೊದಲನೆಯ ಗಂಟೆ. ಅದನ್ನು ಕೇಳಿ ಹುಂಡಿಯ ತಾಯಂದಿರು ಮಕ್ಕಳನ್ನು ಕಳಿಸುತ್ತಿದ್ದರು. ಹುಂಡಿ ತಗ್ಗಿನಲ್ಲಿದ್ದದ್ದರಿಂದ ಅಲ್ಲಿ ಮಂಜು ತಡವಾಗಿ ಬಿಡುತ್ತಿತ್ತು. ಏರಿ ತಿಳಿಯಾಗಿದೆಯೋ ಇಲ್ಲವೋ ಅವರಿಗೆ ಕಾಣುತ್ತಿರಲಿಲ್ಲ. ನಮ್ಮ ಗಂಟೆಯೇ ಅವರ ಕಣ್ಣು.

ಕೆರೆಯಿಂದ ಏಳುವ ಮಂಜು ತೆಳು, ಬಿಸಿಲು ಮುಟ್ಟಿದರೆ ಹೋಯಿತು. ಬೆಟ್ಟದ ಕಡೆಯಿಂದ ಇಳಿಯುವುದು ದಪ್ಪ, ಅದು ಬಂದ ದಿನ ಎಂಟೂವರೆ ಒಂಬತ್ತಾದರೂ ತೂಬಿನ ಕಂಬ ಕಾಣದು. ಹಾಗೆ ತಡವಾದ ಹೊತ್ತನ್ನು ಹೆಡ್ ಮೇಷ್ಟ್ರು ಶನಿವಾರ ಮಧ್ಯಾಹ್ನ ಪಾಠ ಮಾಡಿ ತುಂಬಿಕೊಡುತ್ತಿದ್ದರು. ಮೇಲಿನವರಿಗೆ ಇದೊಂದೂ ತಿಳಿಸುತ್ತಿರಲಿಲ್ಲ.

ಆ ವರ್ಷ ಜೂನಿನಲ್ಲಿ ಮಕ್ಕಳನ್ನು ಸೇರಿಸಲು ನಾನೇ ಹುಂಡಿಗೆ ಹೋಗಿದ್ದೆ. ಗಂಡುಹುಡುಗರು ಬರುತ್ತಿದ್ದರು, ಹೆಣ್ಣುಮಕ್ಕಳಲ್ಲಿ ಒಬ್ಬಳೂ ಇಲ್ಲ. ಒಂದು ಮನೆಯ ಮುಂದೆ ಎಂಟು ವರ್ಷದ ಹುಡುಗಿ ನೆಲದ ಮೇಲೆ ಕಡ್ಡಿಯಲ್ಲಿ ಒಂದು ಪುಸ್ತಕ ನೋಡಿ ಅಕ್ಷರ ಗೀಚುತ್ತಿದ್ದಳು. ಅಣ್ಣಂದಿರದ್ದು ಎಂದಳು, ಅದು ನೆರೆಮನೆಯ ಹುಡುಗರ ಪುಸ್ತಕವಂತೆ. ಇವಳಿಗೆ ಅಣ್ಣ ತಮ್ಮ ಯಾರೂ ಇರಲಿಲ್ಲ, ಎಲ್ಲರನ್ನೂ ಅಣ್ಣ ಎನ್ನುತ್ತಿದ್ದಳು. ತಂದೆ ಕಾಡಿನಲ್ಲಿ ಮರ ಕಡಿಯುವ ಕೆಲಸಕ್ಕೆ ಹೋಗಿ ಅಪರೂಪಕ್ಕೆ ಬರುತ್ತಿದ್ದ. ತಾಯಿ ಕೂಲಿಗೆ ಹೋಗುತ್ತಿದ್ದಳು. ಹುಡುಗಿಯನ್ನು ಕಳಿಸು ಎಂದೆ. ಪಕ್ಕದ ಮನೆಯವಳು ನಕ್ಕಳು.

“ಓದಿ ಯಾನ ಅಮಲ್ದಾರ್ಕೆ ಮಾಡಾಳಾ?”

“ಮಾಡ್ಲಿ ಬುಡು. ಮೊದ್ಲು ನಿನ್ ಮನಗೇ ಜಪ್ತಿಗ ಬತ್ತಾಳ” ಎಂದಳು ತಾಯಿ. ಆಮೇಲೆ ನನ್ನ ಕಡೆ ತಿರುಗಿ, ನಗದೆ ಕೇಳಿದಳು. “ಮೇಷ್ಟ್ರೇ, ಗಂಡೈಕ್ಳು ಓಡ್ಬುಡ್ತವ. ಇವ್ಳು ಓಡೋಳಲ್ಲ. ಏರಿ ಮ್ಯಾಲ ಆನ ಇದ್ದ ದಿಸ ನಂಗ ಯಾರ್ ಯೋಳೋರು?”

ಗಂಟೆ ಹೇಳುತ್ತದೆ ಎಂದೆ. ಮರ ಕಾಣದೆ ನಾನು ಗಂಟೆ ಹೊಡೆಯುವುದಿಲ್ಲ ಎಂದೆ. ಅವಳು ಮಗಳ ಕೈಯ ಕಡ್ಡಿ ಕಿತ್ತು ಎಸೆದು, “ನಡಿ ಕಣಮ್ಮಿ, ಇನ್ ಸ್ಲೇಟ್ ಮ್ಯಾಲೇ ಬರಿವಂತೆ” ಎಂದಳು.

ಆ ಹುಡುಗಿ ಮಳೆಗಾಲವೆಲ್ಲ ತಪ್ಪದೆ ಬಂದಳು. ದಸರೆಗೆ ಮುಂಚೆಯೇ ಓದಲು ಕಲಿತಳು.

ಕಾರ್ತಿಕ ಮುಗಿಯುವಾಗ ಹೆಡ್ ಮೇಷ್ಟ್ರಿಗೆ ಉಬ್ಬಸ ಹೆಚ್ಚಾಯಿತು. ರಜೆ ಹಾಕಿ ಚಾಮರಾಜನಗರದ ತಮ್ಮನ ಮನೆಗೆ ಹೊರಟರು. ಬೀಗದ ಕೈ ಕೊಡುವಾಗ ಅವರು ಹೇಳಿದ್ದು ಇಷ್ಟೇ. “ಮರ ನೋಡಪ್ಪ. ಗಡಿಯಾರ ಏನಾದ್ರೂ ಹೇಳ್ಕೊಳ್ಳಿ.”

ಕೆಲವು ವಾರ ಸರಿಯಾಗಿಯೇ ಮಾಡಿದೆ. ಕಂಬಳಿ ಹೊದ್ದು ಕಂಬಕ್ಕೆ ಒರಗಿ ನಿಲ್ಲುತ್ತಿದ್ದೆ. ಊರೊಳಗಿನ ಮಕ್ಕಳು ಬಂದು ಅಂಗಳದಲ್ಲಿ ತರಗು ಗುಡಿಸಿ ಬೆಂಕಿ ಹಾಕಿಕೊಂಡು ಕೂರುತ್ತಿದ್ದವು. ನಾನು ಮರ ನೋಡಿ, ಜಂತಿಗೆ ತೂಗುಹಾಕಿದ್ದ ರೈಲುಕಂಬಿಯ ತುಂಡಿಗೆ ಸಲಾಕೆಯಿಂದ ಹೊಡೆಯುತ್ತಿದ್ದೆ. ಅದಾಗಿ ಸ್ವಲ್ಪ ಹೊತ್ತಿಗೆ ಏರಿಯ ಮೇಲೆ ತಲೆಗೆ ಕಂಬಳಿ ಕೊಪ್ಪೆ ಹಾಕಿದ ಮಕ್ಕಳ ಸಾಲು ಬರುತ್ತಿತ್ತು.

ಹೀಗಿರುವಾಗ ಇನ್ಸ್‌ಪೆಕ್ಟರು ಗುರುವಾರ ಬರುತ್ತಾರೆ ಎಂದು ಕಾಗದ ಬಂತು. ಮೊದಲನೇ ಬಸ್ಸಿಗೇ ಬರುತ್ತಾರೆ, ಪ್ರಾರ್ಥನೆ ಆಗುವ ಮೊದಲೇ ಬಾಗಿಲಲ್ಲಿ ನಿಂತು ತಲೆ ಎಣಿಸುತ್ತಾರೆ ಎಂದು ಬೇರೆ ಶಾಲೆಯ ಮೇಷ್ಟ್ರುಗಳು ಹೆದರಿಸಿದ್ದರು. ನನ್ನ ಖಾಯಮಾತಿ ಅವರ ಒಂದು ಮಾತಿನಲ್ಲಿತ್ತು. ನನ್ನ ಊರು ಕುದೇರಿನಲ್ಲಿ ತಾಯಿ ಆ ಮಾತಿಗೇ ಕಾಯುತ್ತಿದ್ದರು.

ಗುರುವಾರ ಬೆಳಿಗ್ಗೆ ಬೆಟ್ಟದ ಮಂಜು ಇಳಿದಿತ್ತು. ಅಂಗಳದ ಬೆಂಕಿಯೇ ಒಂದು ಕೆಂಪು ಮಚ್ಚೆಯ ಹಾಗೆ ಕಾಣುತ್ತಿತ್ತು. ಅಗಸರ ಕಲ್ಲು ಕಾಣಲಿಲ್ಲ. ತೂಬಿನ ಕಂಬ ಕಾಣಲಿಲ್ಲ. ಒಳಗೆ ಹೋಗಿ ಗಡಿಯಾರ ನೋಡಿ ಬಂದೆ. ಮತ್ತೆ ಕಂಬದ ಹತ್ತಿರ ನಿಂತೆ. ಕಣ್ಣು ಕಿರಿದು ಮಾಡಿ ನೋಡಿದರೆ ಮರ ಇದ್ದ ಕಡೆ ಏನೋ ಕಪ್ಪಗೆ ಕಂಡ ಹಾಗಾಯಿತು. ಇಲ್ಲ, ಹಾಗೇನೂ ಆಗಲಿಲ್ಲ. ಈ ವಯಸ್ಸಿನಲ್ಲಿ ಸುಳ್ಳು ಬರೆಯಬಾರದು. ಏನೂ ಕಾಣಲಿಲ್ಲ. ಬಸ್ಸು ಬರುವ ಹೊತ್ತಾಗಿತ್ತು. ಅರ್ಧ ಶಾಲೆ ಖಾಲಿ ಇರುತ್ತದೆ ಎಂಬುದೊಂದೇ ನನ್ನ ಮನಸ್ಸಿನಲ್ಲಿತ್ತು. ಸಲಾಕೆ ಎತ್ತಿ ಹೊಡೆದೆ. ಮಂಜಿನಲ್ಲಿ ಆ ಸದ್ದು ದೂರ ಹೋಗದೆ ನನ್ನ ಸುತ್ತಲೇ ನಿಂತಂತೆ ಅನಿಸಿತು. ಹುಂಡಿಗೆ ಕೇಳಲಿಲ್ಲವೇನೋ ಎಂದು ಇನ್ನೂ ಜೋರಾಗಿ ಹೊಡೆದೆ.

ಕೇಳಿತ್ತು. ಹುಡುಗರು ಬಂದರು, ಆದರೆ ಸಾಲಾಗಿ ಅಲ್ಲ. ಓಡಿ ಬಂದರು. ಏರಿಯ ಕೆಳಗೆ ಮರ ಮುರಿಯುವ ಸದ್ದಾಯಿತು, ನಾತ ಬಂತು, ಒಂದು ಮರಿಯಾನೆ ಏರಿ ಹತ್ತಿತು ಎಂದು ಒಬ್ಬರ ಮೇಲೊಬ್ಬರು ಹೇಳಿದರು. ಆ ಹುಡುಗಿ ಎಲ್ಲಿ ಎಂದು ಕೇಳಿದೆ. ಹಿಂದೆ ಬರುತ್ತಿದ್ದಳು ಎಂದರು. ಮರಿ ಏರಿ ಹತ್ತಿದ್ದು ಅವರಿಗೂ ಅವಳಿಗೂ ನಡುವೆ.

ಮಕ್ಕಳನ್ನು ಒಳಗೆ ಕೂಡಿಸಿ ಚಿಲಕ ಹಾಕಿ ಊರೊಳಕ್ಕೆ ಓಡಿದೆ. ಗಂಡಸರು ತಗಡಿನ ಡಬ್ಬ ಹಿಡಿದು ಬಂದರು. ಆದರೆ ಮಂಜಿನಲ್ಲಿ ಡಬ್ಬ ಬಡಿದರೆ ಆನೆ ಯಾವ ಕಡೆ ನುಗ್ಗುತ್ತದೋ, ಮಗು ಯಾವ ಕಡೆ ಇದೆಯೋ ಯಾರಿಗೂ ಗೊತ್ತಿಲ್ಲ. ಬಡಿಯಬೇಡಿ ಎಂದು ಒಬ್ಬ ಹಿರಿಯ ತಡೆದ. ಏರಿಯ ಈಚೆ ತುದಿಯಲ್ಲಿ ಎಲ್ಲರೂ ಸುಮ್ಮನೆ ನಿಂತೆವು. ಆನೆ ಹೊಟ್ಟೆಯೊಳಗೆ ಗುಡುಗುವ ಸದ್ದು ಕೇಳುತ್ತಿತ್ತು. ಬಿಸಿಲು ಬರುವ ತನಕ ಹಾಗೆ ನಿಂತಿದ್ದೆವು. ಆ ಹೊತ್ತು ಎಷ್ಟು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಕಡೆಗೆ ಮಂಜು ಹರಿದು ಮೊದಲು ತೂಬಿನ ಕಂಬ ಕಂಡಿತು, ಆಮೇಲೆ ಮರ. ಆನೆಗಳು ಕುರುಚಲಿಗೆ ಇಳಿದಿದ್ದವು. ಹುಡುಗಿ ತೂಬಿನ ಕಲ್ಲುಗಳ ನಡುವೆ ನೀರಿನಲ್ಲಿ ನಿಂತಿದ್ದಳು. ಸೊಂಟದ ತನಕ ನೀರು. ಎರಡು ಕೈಯಲ್ಲೂ ಪುಸ್ತಕವನ್ನು ತಲೆಯ ಮೇಲೆ ಹಿಡಿದುಕೊಂಡಿದ್ದಳು. ತುಟಿ ನೀಲಿಗಟ್ಟಿತ್ತು. ಎತ್ತಿಕೊಂಡಾಗ ಹಲ್ಲು ಕಡಿಯುತ್ತಲೇ “ಪುಸ್ತ್ಕ ನೆಂದಿಲ್ಲ ಸಾ” ಎಂದಳು.

ಅಷ್ಟರಲ್ಲಿ ಹುಂಡಿಯವರು ಓಡಿ ಬಂದರು. ಮಗಳನ್ನು ತಾಯಿ ನನ್ನ ಕೈಯಿಂದ ತೆಗೆದುಕೊಂಡು ತನ್ನ ಸೀರೆಯೊಳಗೆ ಸುತ್ತಿಕೊಂಡಳು. ಹುಂಡಿಯ ಯಜಮಾನ ನನ್ನನ್ನು ಕೇಳಿದ. ಸಿಟ್ಟಿನಿಂದಲ್ಲ, ತಿಳಿದುಕೊಳ್ಳಲೆಂದೇ ಕೇಳಿದ.

“ಮೇಷ್ಟ್ರೇ, ಮರ ಕಂಡಿತ್ತಾ?”

“ಕಂಡಿತ್ತು. ಗಂಟೆ ಹೊಡೆದ ಮೇಲೆ ಮತ್ತೆ ಮುಚ್ಕೊಂಡ್ತು” ಎಂದೆ.

ಮಂಜು ಹಾಗೆ ಮಾಡುವುದುಂಟು. ಎಲ್ಲರೂ ತಲೆಯಾಡಿಸಿದರು. ಆಗ ಆ ತಾಯಿ ಹೇಳಿದಳು. “ನಂದೇ ತಪ್ಪು. ಅಂಬ್ಲಿ ಕುಡ್ಕಂಡ್ ಓಗು, ಚಳಿ ಅದ ಅಂತ ನಾನೇ ನಿಲ್ಲುಸ್ಕಂಡಿ. ಗಂಟ ಒಡದೇಟ್ಗ ಕಳ್ಸಿದ್ರ ಐಕ್ಳ ಜೊತೇಲೇ ದಾಟ್ಬುಡಾಳು.”

ಆಗಲೇ ನಾನು ಬಾಯಿ ಬಿಡಬೇಕಾಗಿತ್ತು. ಬಿಡಲಿಲ್ಲ.

ಇನ್ಸ್‌ಪೆಕ್ಟರು ಹನ್ನೊಂದರ ಹತ್ತಿರ ಬಂದರು. ಮಫ್ಲರು ಬಿಚ್ಚುತ್ತಾ, ಮಂಜಿಗೆ ಡ್ರೈವರು ಬಸ್ಸು ತೆಗೆಯಲೇ ಇಲ್ಲ ಎಂದು ಗೊಣಗಿದರು. “ನೀವೂ ತಡವಾಗಿ ಶುರು ಮಾಡಿರ್ತೀರಿ, ಬಿಡಿ. ಇಂಥ ದಿನ ಯಾರು ಏನು ಮಾಡೋಕಾಗುತ್ತೆ?” ಎಂದರು. ನಾನು ಹೊತ್ತಿಗೆ ಸರಿಯಾಗಿ ಶುರು ಮಾಡಿದೆವು ಸಾರ್ ಎಂದೆ. ಅವರಿಗೆ ಬಹಳ ಸಂತೋಷವಾಯಿತು. ನನ್ನ ಸಮಯಪಾಲನೆಯನ್ನು ಮೆಚ್ಚಿ ಬರೆದು ಹೋದರು. ಖಾಯಂ ಆಯಿತು.

ಹುಡುಗಿಗೆ ಜ್ವರ ಬಂತು. ಗುಂಡ್ಲುಪೇಟೆಯಿಂದ ಕಾಂಪೌಂಡರನ್ನು ಕರೆತಂದು ತೋರಿಸಿದೆವು. ಕೆಲವು ದಿನ ಎದೆ ಗೊರಗೊರ ಎನ್ನುತ್ತಿತ್ತು. ಸಂಕ್ರಾಂತಿಯ ಹೊತ್ತಿಗೆ ಎದ್ದು ಓಡಾಡಿದಳು. ಆದರೆ ಶಾಲೆಗೆ ಬರಲಿಲ್ಲ. ಗಂಡುಹುಡುಗರು ಬರುತ್ತಿದ್ದರು, ನನ್ನ ಗಂಟೆಯ ಮೇಲೆ ಯಾರಿಗೂ ಅನುಮಾನವಿರಲಿಲ್ಲ. ಅವಳನ್ನು ಯಾಕೆ ಕಳಿಸುವುದಿಲ್ಲವಂತೆ ಎಂದು ಕೇಳಿದರೆ, “ಅವ್ರವ್ವ ನಂಗ ಒತ್ಗ ಸರ್ಯಾಗಿ ಕಳ್ಸಕ್ಕ ಬರಲ್ಲ ಅಂತಾಳ ಸಾ” ಎಂದರು. ಅಂದರೆ ನನ್ನ ಸುಳ್ಳು ಸುಮ್ಮನೆ ಕೂತಿರಲಿಲ್ಲ. ಆ ತಾಯಿಗೆ ತನ್ನ ಮೇಲೇ ನಂಬಿಕೆ ಹೋಗುವಂತೆ ಮಾಡಿತ್ತು.

ನಿಜ ಹೇಳಿದರೆ ಹುಂಡಿಯವರು ಇನ್ನು ಯಾರನ್ನೂ ಕಳಿಸುವುದಿಲ್ಲ, ಒಬ್ಬಳಿಗಾಗಿ ಎಲ್ಲರ ಓದು ಹಾಳಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದರಲ್ಲಿ ಸ್ವಲ್ಪ ನಿಜವೂ ಇತ್ತು. ಅದಕ್ಕೇ ಅದು ಅಷ್ಟು ದಿನ ನನ್ನನ್ನು ಕಾಪಾಡಿತು.

ಆ ತಿಂಗಳು ಊರಿಗೆ ಹೋಗಿದ್ದಾಗ ಸಂತೆಮರಹಳ್ಳಿಯ ಸಂತೆಯಲ್ಲಿ ಒಂದು ಒಳ್ಳೆಯ ಕಂಬಳಿ ಕೊಂಡೆ, ಹುಡುಗಿಗೆಂದು. ಹಿಂದಿರುಗುವಾಗ ಚಾಮರಾಜನಗರದಲ್ಲಿ ಇಳಿದು ಹೆಡ್ ಮೇಷ್ಟ್ರನ್ನು ನೋಡಲು ಹೋದೆ. ದಿಂಬಿಗೆ ಒರಗಿ ಕೂತಿದ್ದರು. ಆನೆಯ ಸುದ್ದಿ ಅವರಿಗೆ ಆಗಲೇ ತಿಳಿದಿತ್ತು. ಎಲ್ಲ ಹೇಳಿದೆ, ಮರ ಕಂಡಿತ್ತು ಎಂದೇ ಹೇಳಿದೆ. ಕಂಬಳಿ ಆ ಹುಡುಗಿಗೆ ಎಂದೆ. ಅವರು ಕಂಬಳಿಯನ್ನು ಮುಟ್ಟಿ ನೋಡಿದರು. ಒಳ್ಳೇ ಉಣ್ಣೆ ಎಂದರು. ಒಂದೆರಡು ಸಲ ಕೆಮ್ಮಿ, ಸುಧಾರಿಸಿಕೊಂಡು ಕೇಳಿದರು.

“ಮರ ಕಂಡಿದ್ರೆ ಕಂಬ್ಳಿ ಯಾತಕ್ಕಪ್ಪ?”

ನಾನು ಕಂಬಳಿಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡೆ. ಅವರು ಕಾಫಿ ತರಿಸಿ ಕುಡಿಸಿ ಕಳಿಸಿದರು.

ಮಾರನೆಯ ಸಂಜೆ ಶಾಲೆ ಬಿಟ್ಟ ಮೇಲೆ ಕಂಬಳಿ ಹಿಡಿದು ಹುಂಡಿಗೆ ಹೋದೆ. ತಾಯಿ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಹುಡುಗಿ ನನ್ನನ್ನು ನೋಡಿ ಒಳಗೆ ಹೋಗಿ ಬಾಗಿಲ ಸಂದಿಯಿಂದ ಇಣುಕಿದಳು. ಕಂಬಳಿ ಕೊಟ್ಟೆ. ತಾಯಿ ಕೈ ಒರೆಸಿಕೊಂಡು, ಎರಡೂ ಕೈ ಚಾಚಿ ತೆಗೆದುಕೊಂಡು, ಕಣ್ಣಿಗೆ ಒತ್ತಿಕೊಂಡಳು. ತಾನು ಮಾಡಿದ ತಪ್ಪಿಗೆ ಮೇಷ್ಟ್ರು ಯಾಕೆ ಖರ್ಚು ಮಾಡಬೇಕು ಎಂದಳು. ನಿಮ್ಮಂಥವರು ಇರುವುದರಿಂದ ಹುಂಡಿಯ ಮಕ್ಕಳು ಬದುಕಿವೆ ಎಂದಳು. ಹೇಳಲು ಹೋದವನು ಅದನ್ನೆಲ್ಲ ಕೇಳಿಸಿಕೊಂಡು ಎದ್ದು ಬಂದೆ.

ಗೋಣಿಮರದ ತನಕ ಬಂದು ನಿಂತೆ. ಯಾವತ್ತೂ ನಾನು ಶಾಲೆಯಿಂದ ಮರ ನೋಡುತ್ತಿದ್ದವನು, ಮರದ ಬುಡದಲ್ಲಿ ನಿಂತು ಶಾಲೆ ನೋಡಿದ್ದು ಅದೇ ಮೊದಲು. ಇಳಿಬಿಸಿಲಿಗೆ ಸುಣ್ಣದ ಗೋಡೆ ಬೆಳ್ಳಗೆ ಹೊಳೆಯುತ್ತಿತ್ತು. ನಾನು ನಿಲ್ಲುವ ಕಂಬ, ಅದರ ಪಕ್ಕದಲ್ಲಿ ತೂಗುವ ಕಂಬಿ, ಎಲ್ಲ ಕಾಣುತ್ತಿತ್ತು. ಮಧ್ಯದಲ್ಲಿ ತೂಬಿನ ಕಲ್ಲುಗಳು, ಕೆಳಗೆ ನೀರು. ಸ್ವಲ್ಪ ಹೊತ್ತಿನಲ್ಲಿ ಆನೆ ಇಳಿಯುವ ಸಮಯವಾಗುತ್ತದೆ, ಮನೆ ಸೇರಬೇಕು. ತಿರುಗಿ ಹುಂಡಿಗೇ ಇಳಿದೆ.

ಅವಳು ಇನ್ನೂ ಅಲ್ಲೇ ಕೂತಿದ್ದಳು. ಮಗಳು ಕಂಬಳಿಯನ್ನು ಕೊಪ್ಪೆ ಮಾಡಿ ಹಾಕಿಕೊಂಡು ಅಂಗಳದಲ್ಲಿ ತಿರುಗುತ್ತಿದ್ದಳು. ಹುಡುಗಿಯನ್ನು ಒಳಗೆ ಕಳಿಸು ಎಂದೆ. ಆಮೇಲೆ ಹೇಳಿದೆ.

“ಅವತ್ತು ಮರ ಕಾಣ್ತಿರ್ಲಿಲ್ಲ ಕಣವ್ವ.”

ಅವಳಿಗೆ ಅರ್ಥವಾಗಲಿಲ್ಲ. ಮತ್ತೆ ಹೇಳಿದೆ. ಇನ್ಸ್‌ಪೆಕ್ಟರ ವಿಷಯ ಹೇಳಿದೆ. ಮರ ಇರಲಿ, ಅಗಸರ ಕಲ್ಲೂ ಕಾಣುತ್ತಿರಲಿಲ್ಲ ಎಂದೆ. ಅವಳ ಕೈ ನಿಂತಿತು. ಬೈಯುತ್ತಾಳೆ, ಹುಂಡಿಯವರನ್ನೆಲ್ಲ ಕೂಗಿ ಕರೆಯುತ್ತಾಳೆ ಎಂದು ಕಾದೆ. ಅವಳು ಮಡಿಲಲ್ಲಿದ್ದ ಅವರೆಕಾಳನ್ನೇ ನೋಡುತ್ತಾ, ತನಗೆ ತಾನೇ ಹೇಳಿಕೊಳ್ಳುವ ಹಾಗೆ ಮೆಲ್ಲಗೆ ಹೇಳಿದಳು.

“ಅಂಗಾದ್ರ ನಾನು ಅಂಬ್ಲಿ ಕುಡ್ಸಿದ್ದು ತಪ್ಪಲ್ಲ.”

“ಅಲ್ಲ” ಎಂದೆ.

ಅವಳು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ನಾನು ಅಂಗಳದಲ್ಲಿ ನಿಂತೇ ಇದ್ದೆ. ಕೂರಿ ಎಂದು ಅವಳು ಹೇಳಲಿಲ್ಲ. ಹೇಳದೆ ಇದ್ದದ್ದೇ ಸರಿ.

ಅತ್ತು ಮುಗಿದ ಮೇಲೆ ಯಜಮಾನನಿಗೂ ಈಗಲೇ ಹೇಳಿ ಬರುತ್ತೇನೆ ಎಂದೆ. ಅವಳು ಬೇಡವೆಂದಳು.

“ಯೋಳ್ಬೇಡಿ. ನಿಮ್ಮ್ ಉಳ್ಸಕ್ಕಲ್ಲ ನಾನ್ ಯೋಳದು. ಇದ ಕೇಳುದ್ರ ನಾಳಿಂದ ಒಂದ್ ಮಗುನೂ ಏರಿ ಅತ್ತದಿಲ್ಲ. ಆದ್ರ ಇನ್ ಮ್ಯಾಲ ನಿಮ್ಮ್ ಕಣ್ಣ ನಂಬಕ್ಕ ನನ್ನ್ ಕೈಲಾಗದಿಲ್ಲ. ನಾನೇ ಮರದ್ ತಾವ ನಿಂತ್ಕಂಡ್ ನೋಡ್ತೀನಿ. ಇಸ್ಕೂಲ್ ಗ್ವಾಡ ಕಂಡ್ರ ಕೂಗ್ತೀನಿ. ನನ್ನ್ ಕೂಗು ಕೇಳುದ್ ಮ್ಯಾಲ ನೀವ್ ಗಂಟ ಒಡೀರಿ.”

ಆಮೇಲೆ ಹಾಗೆಯೇ ನಡೆಯಿತು. ಮಂಜಿನ ದಿನ ನಾನು ಕಂಬದ ಹತ್ತಿರ ಸಲಾಕೆ ಹಿಡಿದು ನಿಲ್ಲುತ್ತಿದ್ದೆ. ಮರ ನನಗೆ ಕಂಡರೂ ಹೊಡೆಯುತ್ತಿರಲಿಲ್ಲ. ಆಚೆಯಿಂದ ಅವಳ ಕೂಗು ಬರಬೇಕು, ಉದ್ದನೆಯದು, ಹೊಲದ ಕಾವಲಿನವರು ಕೂಗುವ ಹಾಗೆ. ಅದು ಬಂದ ಮೇಲೆ ಗಂಟೆ. ಅವಳು ಕೂಲಿಗೆ ತಡವಾಗಿ ಹೋಗುವಂತಾಯಿತು, ಅದನ್ನು ಎಂದೂ ಬಾಯಿಬಿಟ್ಟು ಹೇಳಲಿಲ್ಲ. ಹುಂಡಿಯವರು ಅವಳಿಗೆ ಮಗಳ ಮೇಲಿನ ಭಯ ಎಂದುಕೊಂಡು, “ಬಂದ್ಲಪ್ಪ ಇಸ್ಕೂಲ್ ಅಮಲ್ದಾರ್ತಿ” ಎಂದು ಹಾಸ್ಯ ಮಾಡುತ್ತಿದ್ದರು. ನನ್ನನ್ನು ಮಾತ್ರ ಆ ಊರು ಬಿಡುವ ತನಕ ಮರ್ಯಾದೆಯಿಂದಲೇ ಕಂಡರು. ಅದು ಅವಳು ನನಗೆ ಕೊಟ್ಟ ಶಿಕ್ಷೆಯೋ ಕ್ಷಮೆಯೋ ನಾನು ಕೇಳಲಿಲ್ಲ. ಮುಂದಿನ ಸಲ ಇನ್ಸ್‌ಪೆಕ್ಟರು ಬಂದಾಗ, ಈ ಶಾಲೆ ಮಾಗಿಯಲ್ಲಿ ಮಂಜು ಬಿಟ್ಟ ಮೇಲೆಯೇ ಶುರುವಾಗುತ್ತದೆ ಎಂದು ಹೇಳಿದೆ. ಅವರು ಮುಖ ಗಂಟಿಕ್ಕಿದರು. ನಿಮ್ಮ ಹೊತ್ತು ಪಾಲಿಸುವ ಅಭ್ಯಾಸ ಹೋಯಿತಲ್ಲ ಎಂದರು. ಹೋಯಿತು ಸಾರ್ ಎಂದೆ.

ಆ ತಾಯಿ ತೀರಿಕೊಂಡಿದ್ದಾಳೆ ಎಂದು ಹೋದ ವರ್ಷ ತಿಳಿಯಿತು. ಹುಂಡಿಯವರಿಗೆ ಅವತ್ತು ಹೇಳದೆ ಉಳಿದದ್ದನ್ನು ಅದಕ್ಕೇ ಈಗ ಇಲ್ಲಿ ಹೇಳಿದ್ದೇನೆ. ಆ ಯಜಮಾನನ ಮಕ್ಕಳು ಮೊಮ್ಮಕ್ಕಳು ಯಾರಾದರೂ ಓದಿದರೆ ತಿಳಿಯಲಿ. ಮರ ಕಂಡಿರಲಿಲ್ಲ.

ಹುಡುಗಿ ಆ ಮಾಗಿ ಮುಗಿಯುವ ಮೊದಲೇ ಶಾಲೆಗೆ ಬಂದಳು. ಮಂಜಿನ ದಿನಗಳಲ್ಲಿ ಸಾಲಿನ ಕಡೆಯಲ್ಲಿ, ದೊಡ್ಡ ಕಂಬಳಿಯನ್ನು ನೆಲಕ್ಕೆ ಎಳೆಯುತ್ತಾ, ಎಲ್ಲರಿಗಿಂತ ತಡವಾಗಿ ಒಳಗೆ ಬರುತ್ತಿದ್ದಳು. ಮೇಲ್ತುಟಿಯ ಮೇಲೆ ಅಂಬಲಿ ಒಣಗಿ ಬೆಳ್ಳಗೆ ಗೆರೆ ಕಟ್ಟಿರುತ್ತಿತ್ತು. ಬಾಯಿ ತೊಳೆದು ಬಾ ಎಂದು ಬೇರೆ ಮಕ್ಕಳನ್ನು ಗದರುತ್ತಿದ್ದ ನಾನು ಅವಳಿಗೆ ಒಮ್ಮೆಯೂ ಹಾಗೆ ಹೇಳಲಿಲ್ಲ.